ವತನಾಬೆ ಪ್ರಕರಣ: 'ಇಕಿರು' ಚಿತ್ರದಲ್ಲಿ ಒಂದು ಅರ್ಜಿಯ ವಿಲೇವಾರಿ

ಪ್ರಕರಣದ ಮೊದಲ ದಾಖಲೆ ಒಂದು ಎಕ್ಸ್‌-ರೇ ಚಿತ್ರ. ಪರದೆಯ ತುಂಬ ಜಠರವೊಂದರ ಬೂದು ನೆರಳು ಹರಡಿಕೊಂಡಿರುತ್ತದೆ. ಇದು ನಮ್ಮ ಕಥಾನಾಯಕನ ಹೊಟ್ಟೆ, ಕ್ಯಾನ್ಸರಿನ ಗುರುತು ಆಗಲೇ ಮೂಡಿದೆ, ಆದರೆ ಆತನಿಗಿನ್ನೂ ಅದರ ಅರಿವಿಲ್ಲ ಎಂದು ನಿರೂಪಕ ತಣ್ಣನೆಯ ದನಿಯಲ್ಲಿ ತಿಳಿಸುತ್ತಾನೆ. ಮನುಷ್ಯನ ಮುಖ ಕಾಣಿಸುವುದು ಅದಾದ ಮೇಲೆ. ಅಕಿರಾ ಕುರೊಸಾವಾ ನಿರ್ದೇಶಿಸಿ, 1952ರ ಅಕ್ಟೋಬರ್‌ನಲ್ಲಿ ತೊಹೊ ಸಂಸ್ಥೆ ಬಿಡುಗಡೆ ಮಾಡಿದ 143 ನಿಮಿಷಗಳ 'ಇಕಿರು' ಹೀಗೆ ತೆರೆದುಕೊಳ್ಳುತ್ತದೆ. ಜಪಾನಿ ಭಾಷೆಯಲ್ಲಿ ಆ ಪದಕ್ಕೆ 'ಬದುಕುವುದು' ಎಂದರ್ಥ. ಆ ವರ್ಷದ ಅತ್ಯುತ್ತಮ ಜಪಾನಿ ಚಿತ್ರವೆಂದು 'ಕಿನೆಮಾ ಜುಂಪೊ' ಪತ್ರಿಕೆ ಅದನ್ನು ಆರಿಸಿತು. 1954ರ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ವಿಶೇಷ ಬಹುಮಾನ ಬಂತು.

ಸಾವು ಹತ್ತಿರವಾಯಿತೆಂದು ತಿಳಿದ ಮನುಷ್ಯನೊಬ್ಬ ಉಳಿದ ದಿನಗಳನ್ನು ಸಾರ್ಥಕಪಡಿಸಿಕೊಂಡ ಕಥೆ ಎಂದು ಈ ಚಿತ್ರವನ್ನು ಒಂದೇ ಸಾಲಿನಲ್ಲಿ ಹೇಳಿಬಿಡುವುದು ರೂಢಿ. ಹಾಗೆ ಹೇಳಿದರೆ ತಪ್ಪೇನೂ ಆಗದು, ಆದರೆ ಚಿತ್ರದೊಳಗೆ ನಿಜಕ್ಕೂ ಏನು ನಡೆಯುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಸಾವಿನ ಸುದ್ದಿ ಆತನನ್ನು ಕಂಗೆಡಿಸುತ್ತದೆಯೇ ಹೊರತು ಬದಲಿಸುವುದಿಲ್ಲ. ಬದಲಾವಣೆ ಬರುವುದು ಕೆಲವು ವಾರಗಳ ನಂತರ, ಆತನದೇ ಕಚೇರಿಯಲ್ಲಿ ದೂಳು ತಿನ್ನುತ್ತಿದ್ದ ಒಂದು ಅರ್ಜಿಯಿಂದ. ಆ ಅರ್ಜಿಯನ್ನು ದಡ ಮುಟ್ಟಿಸಲು ಆತ ಬಳಸುವುದಾದರೂ ಮೂವತ್ತು ವರ್ಷಗಳ ಕಚೇರಿ ಚಾಕರಿಯಲ್ಲಿ ಕಲಿತ ವಿದ್ಯೆಗಳನ್ನೇ. ಆದ್ದರಿಂದ ಈ ಪ್ರಕರಣವನ್ನು ರೋಗದ ಜಾಡಿಗಿಂತ ಅರ್ಜಿಯ ಜಾಡು ಹಿಡಿದು ಓದುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಅರ್ಜಿ ಬಂದ ಕಚೇರಿ

ವ್ಯಕ್ತಿಯ ಹೆಸರು ಕಾಂಜಿ ವತನಾಬೆ. ನಗರಾಡಳಿತ ಕಚೇರಿಯಲ್ಲಿ ನಾಗರಿಕ ವಿಭಾಗದ ಮುಖ್ಯಸ್ಥ. ಹೆಂಡತಿ ತೀರಿಹೋಗಿ ಬಹಳ ವರ್ಷಗಳಾಗಿವೆ. ಒಬ್ಬನೇ ಮಗ ಮಿತ್ಸುವೊ ಮತ್ತು ಸೊಸೆ ಅದೇ ಮನೆಯಲ್ಲಿದ್ದಾರೆ. ಆತ ಸತತ ಮೂವತ್ತು ವರ್ಷ ರಜೆಯಿಲ್ಲದೆ ದುಡಿದ ದಾಖಲೆಗೆ ಇನ್ನೊಂದೇ ತಿಂಗಳು ಬಾಕಿಯಿತ್ತಲ್ಲ ಎಂದು ಸಹೋದ್ಯೋಗಿಗಳು ಮುಂದೆ ಮಾತಾಡಿಕೊಳ್ಳುತ್ತಾರೆ. ನಿರೂಪಕನ ತೀರ್ಪು ಇದಕ್ಕಿಂತ ಕಟು: ಈ ಮನುಷ್ಯ ಸತ್ತು ಇಪ್ಪತ್ತು ವರ್ಷಗಳೇ ಕಳೆದಿವೆ, ಈತನ ಕಥೆ ಹೇಳುವುದು ಬೇಸರದ ಕೆಲಸ ಎನ್ನುತ್ತಾನೆ ಅವನು.

ಚಿತ್ರ ತೆರೆಕಂಡ ಕಾಲವನ್ನು ನೆನಪಿಟ್ಟುಕೊಂಡರೆ ಈ ಕಚೇರಿಯ ವ್ಯಂಗ್ಯ ಇನ್ನಷ್ಟು ತಟ್ಟುತ್ತದೆ. ಜಪಾನಿನ ಮೇಲಿದ್ದ ಮಿತ್ರರಾಷ್ಟ್ರಗಳ ಸೇನಾಧಿಕಾರ ಕೊನೆಗೊಂಡದ್ದು ಅದೇ 1952ರ ಏಪ್ರಿಲ್ 28ರಂದು. ಅದಕ್ಕೆ ಐದು ವರ್ಷ ಮೊದಲು, 1947ರಲ್ಲಿ, ಹೊಸ ಸಂವಿಧಾನದ ಜೊತೆಗೇ ಸ್ಥಳೀಯ ಸ್ವಾಯತ್ತತೆಯ ಕಾಯ್ದೆಯೂ ಜಾರಿಗೆ ಬಂದಿತ್ತು. ಆಡಳಿತ ಇನ್ನು ಪ್ರಜೆಗಳದ್ದು ಎಂಬ ಮಾತು ಹೊಸದಾಗಿ ಚಲಾವಣೆಗೆ ಬಂದಿದ್ದ ದಿನಗಳವು. ವತನಾಬೆಯ ವಿಭಾಗದ ಕಿಟಕಿಯ ಮೇಲೂ ಅಂಥದೇ ಒಂದು ಫಲಕವಿದೆ. ಈ ಕಿಟಕಿ ನಿಮ್ಮನ್ನೂ ನಗರಾಡಳಿತವನ್ನೂ ನೇರವಾಗಿ ಜೋಡಿಸುತ್ತದೆ ಎಂಬುದು ಅದರ ಸಾರ. ಕಿಟಕಿಯ ಒಳಗಡೆ ಮಾತ್ರ ಗೋಡೆಯೆತ್ತರಕ್ಕೆ ಕಡತಗಳು ಬಿದ್ದಿವೆ, ಅವುಗಳ ನಡುವೆ ಗುಮಾಸ್ತರು ಹುದುಗಿ ಕೂತಿದ್ದಾರೆ.

ಆ ಕಿಟಕಿಗೆ ಕುರೊಯೆ ಎಂಬ ಬಡಾವಣೆಯ ಹೆಂಗಸರು ಬರುತ್ತಾರೆ. ಕೊಳಚೆ ನೀರು ನಿಂತು ನಾರುತ್ತಿದೆ, ಸೊಳ್ಳೆ ತುಂಬಿದೆ, ಮಕ್ಕಳ ಮೈಮೇಲೆ ದದ್ದು ಏಳುತ್ತಿದೆ, ಆ ಜಾಗವನ್ನು ಮುಚ್ಚಿಸಿ ಮಕ್ಕಳಿಗೊಂದು ಆಟದ ಮೈದಾನ ಮಾಡಿಕೊಡಬಾರದೇ ಎಂಬುದು ಅವರ ಬೇಡಿಕೆ. ವತನಾಬೆ ತಲೆಯೆತ್ತದೆ ಲೋಕೋಪಯೋಗಿ ವಿಭಾಗದ ಕಡೆಗೆ ಬೆರಳು ತೋರಿಸುತ್ತಾನೆ. ಅಲ್ಲಿಂದ ಮುಂದಿನ ಕೆಲವು ನಿಮಿಷಗಳಲ್ಲಿ ಉದ್ಯಾನ, ಆರೋಗ್ಯ, ನೈರ್ಮಲ್ಯ, ಸಾಂಕ್ರಾಮಿಕ ರೋಗ, ಒಳಚರಂಡಿ, ರಸ್ತೆ, ನಗರ ಯೋಜನೆ, ಅಗ್ನಿಶಾಮಕ, ಶಿಕ್ಷಣ ಎಂದು ಅವರು ಹತ್ತಾರು ಮೇಜು ಅಲೆಯುತ್ತಾರೆ. ಒಬ್ಬ ಅಧಿಕಾರಿಯ ಮುಖ ಪಕ್ಕಕ್ಕೆ ಸರಿದಂತೆ ಮುಂದಿನವನ ಮುಖ ಬಂದು ನಿಲ್ಲುತ್ತದೆ. ಪರದೆಯನ್ನು ಅಡ್ಡಡ್ಡ ಒರೆಸಿಕೊಂಡು ಹೋಗುವ ಆ ಸಂಕಲನವೇ ಕಡತವೊಂದು ಮೇಜಿನಿಂದ ಮೇಜಿಗೆ ಜಾರುವ ಚಲನೆಯಂತಿದೆ. ಕಟ್ಟಕಡೆಗೆ ಉಪಮೇಯರ್ ಬಹಳ ಸೌಜನ್ಯದಿಂದ, ನಿಮ್ಮಂಥವರಿಗೆಂದೇ ನಾಗರಿಕ ವಿಭಾಗ ತೆರೆದಿದ್ದೇವೆ ಎಂದು ಅವರನ್ನು ಹೊರಟ ಜಾಗಕ್ಕೇ ಕಳುಹಿಸುತ್ತಾನೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಯಾರೂ ಒರಟಾಗಿ ಮಾತಾಡುವುದಿಲ್ಲ, ಯಾರೂ ಲಂಚ ಕೇಳುವುದಿಲ್ಲ, 'ಆಗುವುದಿಲ್ಲ' ಎಂದು ಸಹ ಯಾರೂ ಹೇಳುವುದಿಲ್ಲ.

ವತನಾಬೆಯ ಕೈಯಲ್ಲಿ ಈ ಹೊತ್ತಿಗೆ ಏನಿದೆ ಎಂಬುದೂ ಮುಖ್ಯ. ಜಪಾನಿನಲ್ಲಿ ಸಹಿಯ ಬದಲು ಹೆಸರಿನ ಮೊಹರು ಒತ್ತುವ ಪದ್ಧತಿಯಿದೆ. ಅದನ್ನು ಹಾಂಕೊ ಎನ್ನುತ್ತಾರೆ. (2020ರಲ್ಲಿ ಜಪಾನ್ ಸರ್ಕಾರ ತನ್ನ ಇಲಾಖೆಗಳಿಗೆ ಈ ಮೊಹರನ್ನು ಸಾಧ್ಯವಾದ ಕಡೆಯಲ್ಲೆಲ್ಲ ಕೈಬಿಡಿ ಎಂದು ಹೇಳಬೇಕಾಯಿತು ಎಂದರೆ ಅದರ ಬೇರು ಎಷ್ಟು ಆಳದ್ದೆಂದು ಊಹಿಸಬಹುದು.) ಆತ ಕಾಗದ ನೋಡುತ್ತಾನೆ, ಮೊಹರು ಒತ್ತುತ್ತಾನೆ, ಪಕ್ಕಕ್ಕಿಡುತ್ತಾನೆ. ಮೊಹರಿಗೆ ಮೆತ್ತಿದ ಶಾಯಿ ಒರೆಸಲು ಮೇಜಿನ ಖಾನೆ ತೆರೆದು ಒಂದು ಹಳೆಯ ಕಡತದಿಂದ ಹಾಳೆ ಹರಿಯುತ್ತಾನೆ. ಕ್ಯಾಮೆರಾ ಹತ್ತಿರ ಹೋದಾಗ ತಿಳಿಯುತ್ತದೆ, ಅದು ಕಚೇರಿಯ ಕೆಲಸದಲ್ಲಿ ದಕ್ಷತೆ ತರುವ ಬಗೆಗೆ ಹಲವು ವರ್ಷಗಳ ಹಿಂದೆ ಸ್ವತಃ ಆತನೇ ಬರೆದ ಪ್ರಸ್ತಾವನೆ. ಆತ ಅದನ್ನು ಓದುವುದೂ ಇಲ್ಲ, ನಿಟ್ಟುಸಿರು ಬಿಡುವುದೂ ಇಲ್ಲ. ಮೊಹರು ಒರೆಸಿ, ಹಾಳೆಯನ್ನು ಮುದುಡಿ ಬುಟ್ಟಿಗೆ ಹಾಕುತ್ತಾನೆ.

ಸುದ್ದಿ, ಮತ್ತು ಸುದ್ದಿಯಿಂದ ಆಗದ್ದು

ಆಸ್ಪತ್ರೆಯ ದೃಶ್ಯ ಒಂದು ಕ್ರೂರ ಪ್ರಹಸನ. ಕಾಯುವ ಕೊಠಡಿಯಲ್ಲಿ ಇನ್ನೊಬ್ಬ ರೋಗಿ ಬಂದು ಪಕ್ಕದಲ್ಲಿ ಕೂತು, ಕ್ಯಾನ್ಸರ್ ಇದ್ದರೆ ವೈದ್ಯರು ಯಾವ ಯಾವ ಮಾತು ಹೇಳುತ್ತಾರೆಂದು ಬೇಡವೆಂದರೂ ಪಟ್ಟಿ ಒಪ್ಪಿಸುತ್ತಾನೆ: ಸಣ್ಣ ಹುಣ್ಣು ಎನ್ನುತ್ತಾರೆ, ಶಸ್ತ್ರಚಿಕಿತ್ಸೆ ಬೇಕಿಲ್ಲ ಎನ್ನುತ್ತಾರೆ, ಇಷ್ಟ ಬಂದದ್ದು ತಿನ್ನಿ ಎನ್ನುತ್ತಾರೆ. ವತನಾಬೆ ಅವನಿಂದ ಒಂದೊಂದೇ ಜಾಗ ದೂರ ಸರಿಯುತ್ತಾನೆ. ಮಾತು ಮಾತ್ರ ಬೆನ್ನು ಬಿಡದು. ಒಳಗೆ ಹೋದಾಗ ವೈದ್ಯರು ಅದೇ ಮಾತುಗಳನ್ನು ಅದೇ ಕ್ರಮದಲ್ಲಿ ಆಡುತ್ತಾರೆ. ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದು ಆಗಿನ ಜಪಾನಿನಲ್ಲಿ ವೈದ್ಯರ ಸಾಮಾನ್ಯ ನಡವಳಿಕೆಯಾಗಿತ್ತು. ಅದು ಎಷ್ಟು ಕಾಲ ಬಾಳಿತೆಂದರೆ, 1989ರ ಜನವರಿಯಲ್ಲಿ ತೀರಿಕೊಂಡ ಚಕ್ರವರ್ತಿ ಹಿರೊಹಿತೊ ಅವರಿಗೂ ತಮಗೆ ಕ್ಯಾನ್ಸರ್ ಇರುವುದನ್ನು ತಿಳಿಸಿರಲಿಲ್ಲ. ಕಚೇರಿಯ ಕಿಟಕಿಯಲ್ಲಿ ಹೆಂಗಸರಿಗೆ ಸಿಕ್ಕ ಸೌಜನ್ಯವೇ ಆಸ್ಪತ್ರೆಯಲ್ಲಿ ವತನಾಬೆಗೂ ಸಿಕ್ಕಿತು ಎಂಬ ಹೋಲಿಕೆಯನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನೋಡುವವರಿಗೆ ಅದು ಹೊಳೆಯದೆ ಇರದು.

ಅಲ್ಲಿಂದ ಹೊರಬಿದ್ದ ಆತ ರಸ್ತೆಯಲ್ಲಿ ನಡೆಯುವಾಗ ಚಿತ್ರಕ್ಕೆ ದನಿಯೇ ಇಲ್ಲ. ಲಾರಿಯೊಂದು ಮೈಮೇಲೆ ಬರುವಷ್ಟು ಹತ್ತಿರ ಹಾದಾಗ ಇದ್ದಕ್ಕಿದ್ದಂತೆ ಊರಿನ ಸದ್ದೆಲ್ಲ ಒಟ್ಟಿಗೆ ಕಿವಿಗೆ ನುಗ್ಗುತ್ತದೆ. ಮನೆಯಲ್ಲಿ ದೀಪ ಹಚ್ಚದೆ ಮಗನ ಕೋಣೆಯಲ್ಲಿ ಕುಳಿತಿರುತ್ತಾನೆ. ಒಳಗೆ ಬಂದ ಮಗ ಸೊಸೆ ಆತ ಇರುವುದನ್ನರಿಯದೆ, ಅಪ್ಪನ ನಿವೃತ್ತಿ ಹಣದಿಂದ ಹೊಸ ಮನೆ ಕಟ್ಟಿಸುವ ಲೆಕ್ಕ ಹಾಕುತ್ತಾರೆ. ರೋಗದ ವಿಷಯ ಮಗನಿಗೆ ಕೊನೆಯವರೆಗೂ ತಿಳಿಯುವುದಿಲ್ಲ.

ಇನ್ನು ಆತ ಮಾಡುವ ಎರಡು ಪ್ರಯತ್ನಗಳೂ ನೆಲಕಚ್ಚುತ್ತವೆ. ಮೊದಲನೆಯದು ಭೋಗ. ಬ್ಯಾಂಕಿನಿಂದ ತೆಗೆದ 50,000 ಯೆನ್ ಜೇಬಿನಲ್ಲಿಟ್ಟುಕೊಂಡು, ಪರಿಚಯವಾದ ಒಬ್ಬ ಬರಹಗಾರನ ಹಿಂದೆ ಪಚಿಂಕೊ ಎಂಬ ಗುಂಡಿನಾಟದ ಅಂಗಡಿ, ಮದ್ಯದಂಗಡಿ, ನೃತ್ಯಶಾಲೆ ಎಂದು ಒಂದು ರಾತ್ರಿ ಇಡೀ ಸುತ್ತುತ್ತಾನೆ. ಪಿಯಾನೊ ನುಡಿಸುವವನು ಯಾವ ಹಾಡು ಬೇಕೆಂದು ಕೇಳಿದಾಗ 1915ರ ಹಳೆಯ ಜನಪ್ರಿಯ ಗೀತೆ 'ಗೊಂದೊಲಾ ನೊ ಉತಾ' ಹೇಳಿ, ತಾನೇ ಹಾಡತೊಡಗುತ್ತಾನೆ. ಬದುಕು ಚಿಕ್ಕದು, ಹರೆಯದಲ್ಲೇ ಒಲವು ಕಾಣಿ ಎಂದು ಹುಡುಗಿಯರಿಗೆ ಹೇಳುವ ಆ ಹಾಡು ಗಂಟಲಿನ ಎಲ್ಲೋ ಅಡಿಯಿಂದ ಒಡೆದ ಉಸಿರಿನಂತೆ ಬರುತ್ತದೆ. ಕುಣಿಯುತ್ತಿದ್ದವರು ನಿಂತು ಮೆಲ್ಲಗೆ ದೂರ ಸರಿಯುತ್ತಾರೆ. ಈ ಪಾತ್ರ ಮಾಡಿದ ತಕಾಶಿ ಶಿಮುರಾ ಅವರಿಗೆ ಆಗ 47 ವರ್ಷ. ಎರಡೇ ವರ್ಷದ ಬಳಿಕ ಇದೇ ನಿರ್ದೇಶಕರ 'ಸೆವೆನ್ ಸಮುರಾಯ್'ನಲ್ಲಿ ಏಳು ಯೋಧರ ಮುಂದಾಳಾಗಿ ನೆಟ್ಟಗೆ ನಿಂತವರೂ ಅವರೇ ಎಂದರೆ ನಂಬುವುದು ಕಷ್ಟ. ಇಲ್ಲಿ ಅವರ ಭುಜ, ಕುತ್ತಿಗೆ, ದನಿ ಎಲ್ಲವೂ ಯಾರದೋ ಕ್ಷಮೆ ಕೇಳುತ್ತಿರುವಂತಿವೆ.

ಎರಡನೆಯ ಪ್ರಯತ್ನ ತೊಯೊ ಎಂಬ ಹುಡುಗಿ. ಆತನದೇ ವಿಭಾಗದಲ್ಲಿ ಬೇಸತ್ತು ಕೆಲಸ ಬಿಡುತ್ತಿರುವ ಆಕೆ, ರಾಜೀನಾಮೆಗೆ ಮೊಹರು ಬೇಕೆಂದು ಹುಡುಕಿಕೊಂಡು ಬರುತ್ತಾಳೆ. ಆಕೆಯ ಕಾಲುಚೀಲದಲ್ಲಿ ತೂತು ಕಂಡು ಆತ ಹೊಸ ಜೊತೆ ಕೊಡಿಸುತ್ತಾನೆ. ಸಹೋದ್ಯೋಗಿಗಳಿಗೆಲ್ಲ ತಾನಿಟ್ಟ ಅಡ್ಡಹೆಸರುಗಳನ್ನು ಆಕೆ ಹೇಳುತ್ತಾ ಹೋಗಿ, ಆತನಿಗಿಟ್ಟದ್ದು 'ಮಮ್ಮಿ', ಅಂದರೆ ಮಸಾಲೆ ಹಚ್ಚಿ ಕಾಪಿಟ್ಟ ಹೆಣ, ಎಂದಾಗ ಆತನೂ ನಗುತ್ತಾನೆ. ದಿನ ಬೆಳಗಾದರೆ ಆಕೆಯ ಹಿಂದೆ ಬೀಳುವ ಈ ಮುದುಕನನ್ನು ಕಂಡರೆ ಆಕೆಗೆ ಕ್ರಮೇಣ ಅಸಹ್ಯವಾಗುತ್ತದೆ, ಮನೆಯವರು ಸಂಶಯಪಡುತ್ತಾರೆ. ಕುರೊಸಾವಾ ಇದನ್ನು ಮೃದುಗೊಳಿಸದೆ ತೋರಿಸಿರುವುದನ್ನು ನಾನು ಮೆಚ್ಚುತ್ತೇನೆ. ಸಾಯುವವನೆಂಬ ಕಾರಣಕ್ಕೆ ವತನಾಬೆಯ ಹಸಿವು ನೋಡಲು ಚೆಂದವಾಗಿಬಿಡುವುದಿಲ್ಲ.

ಕೊನೆಯ ಭೇಟಿ ಒಂದು ಕೆಫೆಯಲ್ಲಿ. ನಿನ್ನಂತೆ ಒಂದೇ ಒಂದು ದಿನ ಬದುಕಬೇಕು, ಅದು ಹೇಗೆ ಎಂದು ಆತ ಗೋಗರೆದಾಗ, ತಿನ್ನುತ್ತೇನೆ, ಕೆಲಸ ಮಾಡುತ್ತೇನೆ, ಅಷ್ಟೇ ಎಂದು ಆಕೆ ಹೆದರಿಕೊಂಡು ಹೇಳುತ್ತಾಳೆ. ತಾನೀಗ ಕೆಲಸ ಮಾಡುವ ಆಟಿಕೆ ಕಾರ್ಖಾನೆಯ ಕೀಲಿ ಮೊಲವೊಂದನ್ನು ಮೇಜಿನ ಮೇಲೆ ಕುಪ್ಪಳಿಸಬಿಟ್ಟು, ಇವನ್ನು ಮಾಡುವಾಗ ಜಪಾನಿನ ಎಲ್ಲ ಮಕ್ಕಳೊಡನೆ ಆಡುತ್ತಿರುವಂತೆ ಅನ್ನಿಸುತ್ತದೆ, ನೀವೂ ಏನಾದರೂ ಮಾಡಿ ಎನ್ನುತ್ತಾಳೆ. ಆ ಕಚೇರಿಯಲ್ಲೇ ಎಂದು ಗೊಣಗುತ್ತಾ ಆತ ಬಹಳ ಹೊತ್ತು ಸುಮ್ಮನಿರುತ್ತಾನೆ. ಆಮೇಲೆ, ಇಲ್ಲ, ತಡವಾಗಿಲ್ಲ, ಅಲ್ಲೂ ಮಾಡಬಹುದು, ಮನಸ್ಸು ಮಾಡಬೇಕಷ್ಟೆ ಎನ್ನುತ್ತಾ ಮೊಲವನ್ನು ಹಿಡಿದುಕೊಂಡು ಮೆಟ್ಟಿಲಿಳಿದು ಓಡುತ್ತಾನೆ. ಅತ್ತ ಅದೇ ಮೆಟ್ಟಿಲೇರಿ ಬರುತ್ತಿರುವ ಇನ್ನಾರೋ ಹುಡುಗಿಗೆ ಅವಳ ಗೆಳೆಯರು ಹುಟ್ಟುಹಬ್ಬದ ಹಾಡು ಹಾಡುತ್ತಿದ್ದಾರೆ. ಸಂಕೇತ ತುಸು ಜೋರಾಯಿತೆಂದು ಹೇಳುವವರಿದ್ದಾರೆ. ಪ್ರತಿ ಸಲ ನೋಡುವಾಗಲೂ ನನಗೂ ಹಾಗೆಯೇ ಅನ್ನಿಸುತ್ತದೆ, ಆದರೂ ಆ ಓಟದ ರಭಸಕ್ಕೆ ಅದು ಸಲ್ಲುತ್ತದೆ.

ಮರುದಿನ ಆತ ಮೇಜಿನ ಮೇಲಿನ ರಾಶಿಯಿಂದ ಕುರೊಯೆ ಹೆಂಗಸರ ಅರ್ಜಿಯನ್ನು ಹೊರಗೆಳೆಯುತ್ತಾನೆ. ಲೋಕೋಪಯೋಗಿ ವಿಭಾಗಕ್ಕೆ ಎಂದು ಅದಕ್ಕೆ ಹಚ್ಚಿದ್ದ ಚೀಟಿಯನ್ನು ಕಿತ್ತು, ನಾವು ಮುಂದೆ ನಿಲ್ಲದಿದ್ದರೆ ಇದು ಆಗುವುದಿಲ್ಲ ಎಂದು ಹೇಳಿ, ಸ್ಥಳ ತನಿಖೆಗೆಂದು ಹೊರಟುಬಿಡುತ್ತಾನೆ. ಮರುಕ್ಷಣವೇ ನಿರೂಪಕ ತಿಳಿಸುತ್ತಾನೆ: ಐದು ತಿಂಗಳ ನಂತರ ನಮ್ಮ ಕಥಾನಾಯಕ ತೀರಿಕೊಂಡ.

ಜಾಗರಣೆಯ ವಿಚಾರಣೆ

ಚಿತ್ರದ ಕೊನೆಯ ಮೂರನೇ ಒಂದು ಭಾಗಕ್ಕೆ ನಾಯಕನೇ ಇಲ್ಲ. ಸತ್ತವನ ನೆನಪಿನಲ್ಲಿ ರಾತ್ರಿ ಕೂರುವ ಜಾಗರಣೆಯಲ್ಲಿ, ಧೂಪದ ಹೊಗೆಯ ಹಿಂದೆ ಆತನ ಪಟವಿದೆ; ಅದರ ಮುಂದೆ ಸಾಲಾಗಿ ಕುಳಿತ ಅಧಿಕಾರಿಗಳು 'ಸಾಕೆ' ಎಂಬ ಅಕ್ಕಿಮದ್ಯ ಕುಡಿಯುತ್ತಾ ಆತ ಯಾಕೆ ಹಾಗೆ ವರ್ತಿಸಿದ ಎಂದು ಚರ್ಚಿಸುತ್ತಾರೆ. ಕುರೊಸಾವಾ ಜೊತೆ ಚಿತ್ರಕಥೆ ಬರೆದವರು ಶಿನೊಬು ಹಶಿಮೊತೊ ಮತ್ತು ಹಿದೆಯೊ ಒಗುನಿ. ಇವರಲ್ಲಿ ಹಶಿಮೊತೊ ಎರಡು ವರ್ಷದ ಹಿಂದಿನ 'ರಾಶೊಮೊನ್'ನಲ್ಲೂ ಸಹಲೇಖಕರಾಗಿದ್ದರು. ಅಲ್ಲಿ ಒಂದು ಕೊಲೆಗೆ ನಾಲ್ಕು ಸಾಕ್ಷ್ಯಗಳಿದ್ದು ಸತ್ಯ ಕೈಗೆ ಸಿಗದೆ ಹೋಗುತ್ತದೆ. ಇಲ್ಲಿ ಸಾಕ್ಷಿಗಳು ತಂತಮ್ಮ ಚೂರುಗಳನ್ನು ಒಂದೊಂದಾಗಿ ಮುಂದಿಡುತ್ತಾ, ತಮಗೆ ಬೇಡವಾದ ಸತ್ಯದ ಹತ್ತಿರಕ್ಕೇ ಬಂದು ಮುಟ್ಟುತ್ತಾರೆ.

ಚಿತ್ರಕ್ಕೆ ಪ್ರೇರಣೆಯಾದ ತಾಲ್‌ಸ್ತಾಯ್ ಅವರ 1886ರ ಕಿರುಕಾದಂಬರಿ 'ಇವಾನ್ ಇಲಿಚ್‌ನ ಸಾವು' ಶುರುವಾಗುವುದು ಸಾವಿನ ಸುದ್ದಿಯಿಂದ. ಖಾಲಿಯಾದ ಹುದ್ದೆ ಯಾರಿಗೆ ಸಿಗಬಹುದೆಂದು ಸಹೋದ್ಯೋಗಿಗಳು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿರುತ್ತಾರೆ. ಕುರೊಸಾವಾ ಅದೇ ಸನ್ನಿವೇಶವನ್ನು ಕೊನೆಗೆ ತಂದರು. ಇದರಿಂದಾದ ವ್ಯತ್ಯಾಸ ಸಣ್ಣದಲ್ಲ. ಇವಾನ್ ಇಲಿಚ್‌ಗೆ ಬೆಳಕು ಕಾಣುವುದು ಹಾಸಿಗೆಯ ಮೇಲೆ, ತನ್ನೊಳಗೆ, ಕೊನೆಯ ಗಳಿಗೆಗಳಲ್ಲಿ. ವತನಾಬೆಯ ಒಳಗೆ ಏನಾಯಿತೆಂದು ನಮಗೆ ನೇರವಾಗಿ ನೋಡಲು ಬಿಡುವುದೇ ಇಲ್ಲ. ಇತರರು ಕಂಡ ಆತನ ಕೆಲಸ ಮಾತ್ರ ನಮ್ಮ ಮುಂದಿರುತ್ತದೆ.

ಮೊದಲು ಉಪಮೇಯರ್ ತನ್ನ ಹೇಳಿಕೆ ದಾಖಲಿಸುತ್ತಾನೆ. ಉದ್ಯಾನವನ್ನು ಕಟ್ಟಿದ್ದು ವತನಾಬೆ ಎನ್ನುವುದು ಆಡಳಿತದ ವ್ಯವಸ್ಥೆ ಅರಿಯದವರ ಮಾತು, ಉದ್ಯಾನಗಳು ಉದ್ಯಾನ ವಿಭಾಗದ ಹೊಣೆ ಎನ್ನುತ್ತಾನೆ. ಸುತ್ತ ಕುಳಿತವರು ತಲೆಯಾಡಿಸುತ್ತಾರೆ. ಆಗ ಕುರೊಯೆ ಹೆಂಗಸರು ಒಳಗೆ ಬರುತ್ತಾರೆ. ಯಾರನ್ನೂ ಮಾತಾಡಿಸದೆ, ಒಬ್ಬೊಬ್ಬರಾಗಿ ಪಟದ ಮುಂದೆ ಧೂಪವಿಟ್ಟು, ತಡೆಯಲಾರದೆ ಅತ್ತು, ಎದ್ದು ಹೋಗುತ್ತಾರೆ. ಇಡೀ ವಿಚಾರಣೆಯಲ್ಲಿ ಅರ್ಜಿದಾರರ ಸಾಕ್ಷ್ಯ ಅಷ್ಟೇ. ಅದಾದ ಮೇಲೆ ಉಪಮೇಯರ್ ಮತ್ತು ಅವನ ಜೊತೆಗಾರರು ಹೆಚ್ಚು ಹೊತ್ತು ಕೂರಲಾರದೆ ಜಾಗ ಖಾಲಿ ಮಾಡುತ್ತಾರೆ.

ಉಳಿದ ಕಿರಿಯ ಅಧಿಕಾರಿಗಳು ನೆನಪಿಸಿಕೊಳ್ಳುವ ತುಣುಕುಗಳಿಂದ ಐದು ತಿಂಗಳ ಕೆಲಸದ ವಿಧಾನ ಮೂಡುತ್ತದೆ. ನನಗೆ ಬಹಳ ಮುಖ್ಯವೆನಿಸುವ ಭಾಗ ಇದು. ವತನಾಬೆ ಯಾರ ವಿರುದ್ಧವೂ ದನಿಯೆತ್ತಲಿಲ್ಲ, ಪತ್ರಿಕೆಗೆ ಹೋಗಲಿಲ್ಲ, ನಿಯಮ ಮುರಿಯಲಿಲ್ಲ. ಪ್ರತಿ ವಿಭಾಗದ ಮುಖ್ಯಸ್ಥನ ಮೇಜಿನ ಮುಂದೆ ಹೋಗಿ ಬಾಗಿ ನಿಂತ. ಅವನು ಮೊಹರು ಒತ್ತುವವರೆಗೆ ಅಲುಗಲಿಲ್ಲ. ದಿನಗಟ್ಟಲೆ ಪಡಸಾಲೆಯಲ್ಲಿ ಕಾದ. ಉಪಮೇಯರ್ ಮಾತು ಮುಗಿಸಿ, ಹಿಂದಿನ ರಾತ್ರಿಯ ಗೇಶಾ ಕೂಟದ ಬಗ್ಗೆ ಗೆಳೆಯರೊಡನೆ ನಗತೊಡಗಿದ ಮೇಲೂ ಆತ ತಲೆ ತಗ್ಗಿಸಿಕೊಂಡು ನಿಂತೇ ಇದ್ದು, ದಯವಿಟ್ಟು ಮರುಪರಿಶೀಲಿಸಬೇಕು ಎಂದ. ಒಂದು ಕ್ಷಣ ಕೋಣೆಯಲ್ಲಿ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಮೇಲಧಿಕಾರಿಗೆ ಎದುರಾಡದ ಬಗ್ಗುವಿಕೆ, ಎಷ್ಟು ಹೊತ್ತಾದರೂ ಕೂರಬಲ್ಲ ತಾಳ್ಮೆ, ಯಾವ ಕಾಗದ ಯಾವ ಮೇಜಿಗೆ ಹೋದರೆ ಎಲ್ಲಿ ನಿಲ್ಲುತ್ತದೆಂಬ ಅರಿವು: ಇವೆಲ್ಲ ಆತನನ್ನು ಇಪ್ಪತ್ತು ವರ್ಷ ಹೆಣವಾಗಿಟ್ಟಿದ್ದ ಗುಣಗಳು. ಉದ್ಯಾನ ಆದದ್ದೂ ಇವುಗಳಿಂದಲೇ. ಬುಟ್ಟಿಯ ಕಸ ಖಾಲಿ ಮಾಡಿಸಲು ಆ ಬುಟ್ಟಿ ತುಂಬುವಷ್ಟು ಕಾಗದ ಬೇಕು ಎಂದು ಜಾಗರಣೆಯಲ್ಲಿ ಕುಡಿದ ಗುಮಾಸ್ತನೊಬ್ಬ ಹಲುಬುತ್ತಾನಲ್ಲ, ವತನಾಬೆ ಆ ಕಾಗದವನ್ನೆಲ್ಲ ತುಂಬಿಸಿಕೊಟ್ಟ.

ಆ ಜಾಗದ ಮೇಲೆ ಕಣ್ಣಿಟ್ಟಿದ್ದ ಗೂಂಡಾಗಳು ಕಾಲರ್ ಹಿಡಿದು, ಜೀವದ ಆಸೆ ಇಲ್ಲವೇ ಎಂದು ಕೇಳಿದಾಗ ಆತನ ಮುಖದಲ್ಲಿ ಒಂದು ವಿಚಿತ್ರ ನಗೆ ಹಾಯ್ದುಹೋಗುತ್ತದೆ. ಇಷ್ಟೆಲ್ಲ ಅವಮಾನಕ್ಕೆ ಸಿಟ್ಟು ಬರುವುದಿಲ್ಲವೇ ಎಂದು ಕಿರಿಯನೊಬ್ಬ ಕೇಳಿದ್ದಕ್ಕೆ, ಯಾರನ್ನೂ ದ್ವೇಷಿಸಲು ತನಗೆ ಸಮಯವಿಲ್ಲ ಎಂದಿದ್ದನಂತೆ. ಇನ್ನೊಮ್ಮೆ ಸೇತುವೆಯ ಮೇಲೆ ನಿಂತು, ಎಷ್ಟು ಚೆಂದ, ಮೂವತ್ತು ವರ್ಷದಿಂದ ನಾನು ಸೂರ್ಯಾಸ್ತವನ್ನೇ ನೋಡಿರಲಿಲ್ಲ ಎಂದು ಹೇಳಿ, ಅದಕ್ಕೂ ಈಗ ಹೊತ್ತಿಲ್ಲವೆಂದು ನಡೆದುಬಿಟ್ಟ. ಈ ಮಾತುಗಳನ್ನು ಜೋಡಿಸುತ್ತಾ ಹೋದಂತೆ ಅವರಿಗೆ ಹೊಳೆಯುತ್ತದೆ: ಆತನಿಗೆ ಸಾವಿನ ವಿಷಯ ಗೊತ್ತಿತ್ತು. ಓ ಹಾಗೋ, ಗೊತ್ತಿದ್ದರೆ ನಾವೂ ಹಾಗೇ ಮಾಡುತ್ತಿದ್ದೆವು ಎಂದು ಒಬ್ಬ ಸಮಾಧಾನ ಹೇಳಿಕೊಳ್ಳುತ್ತಾನೆ. ನಾವು ಯಾರಾದರೂ ಯಾವಾಗ ಬೇಕಾದರೂ ಸಾಯಬಹುದು ಎಂದು ಇನ್ನೊಬ್ಬ ನೆನಪಿಸುತ್ತಾನೆ. ಆದರೆ ವತನಾಬೆಗೆ ಗೊತ್ತಾದ ಮೇಲಿನ ಮೊದಲ ದಿನಗಳು ಹೇಗೆ ಕಳೆದವೆಂದು ಈ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ, ಪ್ರೇಕ್ಷಕನಿಗೆ ಗೊತ್ತಿದೆ. ಹೀಗಾಗಿ ಅವರು ತಲುಪಿದ ವಿವರಣೆ ಎಷ್ಟು ಸಾಲದೆಂಬುದು ನಮಗೆ ಮಾತ್ರ ಕಾಣುತ್ತದೆ.

ಕೊನೆಯ ಸಾಕ್ಷಿ ಒಬ್ಬ ಪೊಲೀಸ್ ಪೇದೆ. ಉದ್ಯಾನದಲ್ಲಿ ಬಿದ್ದಿದ್ದ ಟೋಪಿಯನ್ನು ಹಿಂದಿರುಗಿಸಲು ಬಂದವನು, ಹಿಂದಿನ ರಾತ್ರಿ ಆ ಮುದುಕನನ್ನು ತಾನು ಕಂಡದ್ದಾಗಿ, ಕುಡಿದವನೆಂದು ಭಾವಿಸಿ ಸುಮ್ಮನೆ ಬಿಟ್ಟದ್ದಾಗಿ ತಪ್ಪೊಪ್ಪಿಕೊಳ್ಳುತ್ತಾನೆ. ಹಿಮ ಬೀಳುತ್ತಿದೆ. ಮಕ್ಕಳ ಉಯ್ಯಾಲೆಯ ಮೇಲೆ, ಕಬ್ಬಿಣದ ಸರಳುಗಳ ಚೌಕಟ್ಟಿನ ಆಚೆ, ವತನಾಬೆ ಹಗುರವಾಗಿ ತೂಗುತ್ತಾ ಅದೇ ಹಳೆಯ ಹಾಡು ಹಾಡುತ್ತಿದ್ದಾನೆ. ನೃತ್ಯಶಾಲೆಯಲ್ಲಿ ಕೇಳಿದ ಒಡೆದ ದನಿಯಲ್ಲ. ಸಣ್ಣದು, ನಿಧಾನದ್ದು, ಕೇಳಿದವನ ಎದೆಗೇ ನಾಟುವಂತಿತ್ತು ಎನ್ನುತ್ತಾನೆ ಪೇದೆ. ಮಗ ಎದ್ದು ಹೊರಗೆ ಹೋಗುತ್ತಾನೆ. ಅಪ್ಪ ರೋಗದ ವಿಷಯ ತನಗೇಕೆ ಹೇಳಲಿಲ್ಲವೆಂಬ ಅವನ ಪ್ರಶ್ನೆಗೆ ಆ ಮನೆಯಲ್ಲಿ ಉತ್ತರ ಕೊಡುವವರು ಯಾರೂ ಇಲ್ಲ.

ಪ್ರಕರಣದ ಮುಂದಿನ ಭಾಗ

ಕುಡಿದ ಅಮಲಿನಲ್ಲಿ ಅಧಿಕಾರಿಗಳೆಲ್ಲ ಅತ್ತು, ವತನಾಬೆಯ ಹಾದಿಯಲ್ಲೇ ನಡೆಯುತ್ತೇವೆಂದು ಆಣೆ ಇಟ್ಟರು. ಮರುದಿನದ ಕಚೇರಿಯಲ್ಲಿ ಮುಖ್ಯಸ್ಥನ ಕುರ್ಚಿಯಲ್ಲಿ ವತನಾಬೆಯ ಕೈಕೆಳಗಿದ್ದ ಓನೊ ಕುಳಿತಿದ್ದಾನೆ. ಇನ್ನಾವುದೋ ಬಡಾವಣೆಯ ಕೊಳಚೆ ಉಕ್ಕಿದ ದೂರು ಬರುತ್ತದೆ. ಲೋಕೋಪಯೋಗಿ ವಿಭಾಗಕ್ಕೆ ಕಳುಹಿಸಿ ಎನ್ನುತ್ತಾನೆ. ಜಾಗರಣೆಯಲ್ಲಿ ಮೊದಲಿನಿಂದಲೂ ವತನಾಬೆಯ ಪರ ನಿಂತಿದ್ದ ಕಿಮುರಾ ಕುರ್ಚಿ ಹಿಂದಕ್ಕೆ ಬೀಳುವಂತೆ ತಟ್ಟನೆ ಎದ್ದು ನಿಲ್ಲುತ್ತಾನೆ. ಎಲ್ಲರೂ ಅವನ ಕಡೆ ನೋಡುತ್ತಾರೆ. ಅವನು ಏನೂ ಹೇಳದೆ ಮತ್ತೆ ಕೂರುತ್ತಾನೆ. ಕೂರುತ್ತಾ ಕೂರುತ್ತಾ ಅವನ ಮುಖ ಕಡತಗಳ ರಾಶಿಯ ಹಿಂದೆ ಮುಳುಗಿಹೋಗುತ್ತದೆ.

ಈ ದೃಶ್ಯದಿಂದಾಗಿ ಚಿತ್ರವನ್ನು ನಿರಾಶೆಯದ್ದೆಂದು ಕರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಆದರೆ ಅದನ್ನು ಆಶಾವಾದವೆನ್ನಲೂ ಬಾಯಿ ಬರುವುದಿಲ್ಲ. ಕಚೇರಿ ಬದಲಾಗಲಿಲ್ಲ ಎಂಬುದನ್ನು ಕುರೊಸಾವಾ ಕಿಂಚಿತ್ತೂ ಮುಚ್ಚಿಡದೆ ತೋರಿಸಿದರು. ಒಂದು ಅರ್ಜಿ ವಿಲೇವಾರಿಯಾಯಿತೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ತೋರಿಸಿದರು. ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟ ಕಿಮುರಾ ಅದೇ ಸೇತುವೆಯ ಮೇಲೆ ನಿಂತು ಕೆಳಗೆ ನೋಡುತ್ತಾನೆ. ಹಿಂದೆ ಕೊಳಚೆ ನಿಂತಿದ್ದ ಜಾಗದಲ್ಲಿ ಮಕ್ಕಳು ಗದ್ದಲವೆಬ್ಬಿಸುತ್ತಿದ್ದಾರೆ. ತಾಯಿಯೊಬ್ಬಳು ಊಟಕ್ಕೆ ಕರೆಯುತ್ತಾಳೆ, ಮಕ್ಕಳು ಇಳಿದು ಓಡುತ್ತಾರೆ, ಖಾಲಿಯಾದ ಉಯ್ಯಾಲೆ ಇನ್ನೂ ಸ್ವಲ್ಪ ಹೊತ್ತು ತೂಗುತ್ತಿರುತ್ತದೆ.